ಹೇಳಬೇಕಾದವರಿಗೆ ಹೇಳದ ಮಾತು

ಅಮೃತಾಪುರದ ಶಾಸನ ಬರೆದ ಜನ್ನ, ದೇವನೂರಿನ ಲಕ್ಷ್ಮೀಶ, ಅಜ್ಜಂಪುರದ ಆನಂದ. ನೆರೆಹೊರೆಯ ಮೂರು ತಾಲ್ಲೂಕುಗಳ ನಂಟಿರುವ ಈ ಮೂವರೂ ಕೆಟ್ಟವರನ್ನು ಬಿಟ್ಟು ಒಳ್ಳೆಯವರ ತಪ್ಪಿನ ಬೆನ್ನು ಹತ್ತಿದರು.

ಅಮೃತಾಪುರದ ಅಮೃತೇಶ್ವರ ಗುಡಿಗೆ ಬಂದವರ ಕಣ್ಣು ಮೊದಲು ಹೋಗುವುದು ಶಿಲ್ಪದ ಕಡೆಗೆ. ತರೀಕೆರೆ ತಾಲ್ಲೂಕಿನ ಈ ಗುಡಿಯನ್ನು ಹೊಯ್ಸಳ ಎರಡನೆಯ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ. ಮಂಟಪದ ಹೊರಗೋಡೆಯ ಸುತ್ತ ರಾಮಾಯಣ, ಭಾಗವತ, ಭಾರತದ 140 ಫಲಕಗಳಿವೆ. ಮುಂದೆ ಹೊಯ್ಸಳ ಶಿಲ್ಪದಲ್ಲಿ ದೊಡ್ಡ ಹೆಸರು ಮಾಡಿದ ರೂವಾರಿ ಮಲ್ಲಿತಮ್ಮ ಕೈ ಪಳಗಿಸಿಕೊಂಡದ್ದು ಇಲ್ಲಿನ ಒಳಮಾಡಿನ ಕೆತ್ತನೆಯಲ್ಲಿ ಎನ್ನುತ್ತಾರೆ ತಿಳಿದವರು. ಇಷ್ಟನ್ನು ನೋಡುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಅಲ್ಲೇ ನಿಂತಿರುವ ಶಾಸನದ ಕಲ್ಲಿನ ಮುಂದೆ ಒಂದು ಗಳಿಗೆ ನಿಲ್ಲುವವರು ಕಡಿಮೆ. ಆ ಕಲ್ಲಿನ ಪದ್ಯಗಳನ್ನು ಬರೆದವನು ಕವಿ ಜನ್ನ.

ಜನ್ನ ಜೈನ, ಗುಡಿ ಶಿವನದು. ಅದು ಆ ಕಾಲಕ್ಕೆ ಅಡ್ಡಿಯಾಗಲಿಲ್ಲ. 1197ರ ಈ ಶಾಸನದಲ್ಲಿ ಅವನು ಶಾಸನಕವಿ ಮಾಡಬೇಕಾದ ಕೆಲಸವನ್ನು ಚೊಕ್ಕವಾಗಿ ಮಾಡಿದ್ದಾನೆ. ಹನ್ನೆರಡು ವರ್ಷ ಕಳೆದು, 1209ರಲ್ಲಿ, ಅದೇ ಕೈ ‘ಯಶೋಧರ ಚರಿತೆ’ಯನ್ನು ಬರೆಯಿತು. ಅರಸರ ಗುಣಗಾನ ಮಾಡಿದ್ದ ಕವಿ ಈ ಸಲ ಅರಸನೊಬ್ಬನ ಮಲಗುವ ಕೋಣೆಯೊಳಗೆ ಹೋದ. ಅಲ್ಲಿ ಕಂಡದ್ದನ್ನು ಮುಚ್ಚಿಡಲಿಲ್ಲ. ಎಂಟುನೂರು ವರ್ಷ ದಾಟಿದರೂ ಆ ಕಾವ್ಯವನ್ನು ಓದಿದವರ ಮನಸ್ಸು ನೆಮ್ಮದಿಯಾಗಿ ಉಳಿಯುವುದಿಲ್ಲ.

ಜನ್ನನ ಮಾತನ್ನು ಅಮೃತಾಪುರದಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ತರೀಕೆರೆಯ ಪಕ್ಕದ ಕಡೂರು ತಾಲ್ಲೂಕಿನ ದೇವನೂರು ‘ಜೈಮಿನಿ ಭಾರತ’ದ ಲಕ್ಷ್ಮೀಶನ ಊರು. ಮೊನ್ನೆಮೊನ್ನೆಯವರೆಗೆ ತರೀಕೆರೆ ತಾಲ್ಲೂಕಿಗೇ ಸೇರಿದ್ದು, ಈಗ ತನ್ನದೇ ತಾಲ್ಲೂಕು ಕಚೇರಿ ಪಡೆದಿರುವ ಅಜ್ಜಂಪುರವು ‘ನಾನು ಕೊಂದ ಹುಡುಗಿ’ ಬರೆದ ಅಜ್ಜಂಪುರ ಸೀತಾರಾಂ ಅವರ, ಅಂದರೆ ಕಥೆಗಾರ ‘ಆನಂದ’ರ ಹೆಸರಿನಲ್ಲಿಯೇ ಇದೆ. ಒಬ್ಬ ಹಳಗನ್ನಡದ ಕಂದಪದ್ಯದವನು, ಒಬ್ಬ ನಡುಗನ್ನಡದ ಷಟ್ಪದಿಯವನು, ಒಬ್ಬರು ಹೊಸಗನ್ನಡದ ಸಣ್ಣಕಥೆಯವರು. ಇವರನ್ನು ಒಂದೇ ಸಾಲಿನಲ್ಲಿ ಕೂರಿಸಿ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಆದರೆ ಬೆನ್ನುಬೆನ್ನಿಗೆ ಓದಿದರೆ ಮೂವರೂ ಒಂದೇ ಗಾಯವನ್ನು ಮುಟ್ಟಿ ನೋಡುತ್ತಿದ್ದಾರೆ ಅನಿಸುತ್ತದೆ. ಒಳ್ಳೆಯ ಮನುಷ್ಯ, ಮನೆತನಸ್ಥ, ಕೇಡು ಬಯಸದವನು, ಹೇಳಲೇಬೇಕಾದ ಮಾತನ್ನು ಹೇಳಬೇಕಾದವರಿಗೆ ಹೇಳುವುದಿಲ್ಲ. ಅದನ್ನು ನುಂಗುತ್ತಾನೆ, ಇಲ್ಲವೇ ಬೇರೆ ಯಾರದೋ ಮೇಲೆ ಸುರಿಯುತ್ತಾನೆ. ಅದರಿಂದ ಒಂದು ಜೀವ ಹೋಗುತ್ತದೆ.

ಹಿಟ್ಟಿನ ಹುಂಜ ಕೂಗಿತು

ಉಜ್ಜಯಿನಿಯ ಅರಸ ಯಶೋಧರ. ರಾಣಿ ಅಮೃತಮತಿ. ಒಂದು ಬೆಳಗಿನ ಜಾವ ಆನೆಲಾಯದ ಕಡೆಯಿಂದ ಹಾಡೊಂದು ತೇಲಿ ಬರುತ್ತದೆ. ರಾಣಿ ಆ ದನಿಗೆ ಮನಸೋಲುತ್ತಾಳೆ. ಹಾಡಿದವನು ಯಾರೆಂದು ತಿಳಿದು ಬಾ ಎಂದು ಕೆಳದಿಯನ್ನು ಕಳಿಸುತ್ತಾಳೆ. ಅವನು ಅಷ್ಟಾವಂಕ, ನೋಡಲಾಗದಷ್ಟು ವಿಕಾರವಾದ ಮಾವುತ. ಕೆಳದಿ ಹೇಸಿಗೆಯಿಂದ ಬಣ್ಣಿಸಿದರೂ ರಾಣಿಯ ಮನಸ್ಸು ಹಿಂದೆ ಸರಿಯುವುದಿಲ್ಲ. ರೂಪ ಯಾತಕ್ಕೆ, ಒಲವು ಒಮ್ಮೆ ಹುಟ್ಟಿತು ಎಂಬಂಥ ಅವಳ ನಿಲುವನ್ನು ಜನ್ನ ತುಚ್ಛ ಮಾಡಿ ಬರೆಯುವುದಿಲ್ಲ. ಅವಳು ತಪ್ಪಿದಳು ಎನ್ನುವ ಕವಿಗೂ ಅವಳ ಒಳಗು ತಿಳಿದಿದೆ. ಹೆಣ್ಣಿನ ಬಯಕೆಯನ್ನು ಹೀಗೆ ಎದುರಿಗಿಟ್ಟುಕೊಂಡು ನೋಡಿದ ಕಾವ್ಯ ಹಳಗನ್ನಡದಲ್ಲಿ ಇನ್ನೊಂದು ನನ್ನ ಕಣ್ಣಿಗೆ ಬಿದ್ದಿಲ್ಲ.

ಒಂದು ರಾತ್ರಿ ಯಶೋಧರ ಅವಳ ಹಿಂದೆಯೇ ಹೋಗುತ್ತಾನೆ. ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುತ್ತಾನೆ, ಅವಳು ಬೇಡಿಕೊಳ್ಳುತ್ತಾಳೆ. ಅರಸನ ಕೈ ಕತ್ತಿಗೆ ಹೋಗುತ್ತದೆ. ಆದರೆ ಕೊಲ್ಲದೆ ಹಿಂತಿರುಗುತ್ತಾನೆ. ಇಲ್ಲಿಯವರೆಗೆ ಅವನು ದೊಡ್ಡವನೇ. ಅವನ ತಪ್ಪು ಮರುದಿನ ಶುರುವಾಗುತ್ತದೆ. ಮಗನ ಮುಖ ಬಾಡಿದ್ದನ್ನು ಕಂಡ ತಾಯಿ ಚಂದ್ರಮತಿ ಏನಾಯಿತೆಂದು ಕೇಳುತ್ತಾಳೆ. ಅವನು ನಿಜ ಹೇಳುವುದಿಲ್ಲ. ಕೆಟ್ಟ ಕನಸು ಬಿತ್ತು ಎಂದು ಒಗಟಿನಲ್ಲಿ ಹೇಳುತ್ತಾನೆ. ಹೆಂಡತಿಯೊಂದಿಗಂತೂ ನೇರವಾಗಿ ಒಂದು ಮಾತನ್ನೂ ಆಡುವುದಿಲ್ಲ.

ಮುಂದಿನದೆಲ್ಲ ಆ ಕಟ್ಟುಕಥೆಯ ಕನಸಿನಿಂದ ಹೊರಟದ್ದು. ತಾಯಿಗೆ ಮಗನ ಮೇಲೆ ಪ್ರಾಣ. ಕನಸು ಕೆಟ್ಟದ್ದು, ದೇವಿಗೆ ಬಲಿ ಕೊಟ್ಟು ಶಾಂತಿ ಮಾಡಿಸು ಎನ್ನುತ್ತಾಳೆ. ಅವನು ಹಿಂಸೆ ಒಲ್ಲೆ ಎನ್ನುತ್ತಾನೆ. ಕೊನೆಗೆ ಇಬ್ಬರೂ ನಡುದಾರಿಗೆ ಒಪ್ಪುತ್ತಾರೆ: ಜೀವ ಇರುವ ಹುಂಜ ಬೇಡ, ಹಿಟ್ಟಿನಲ್ಲಿ ಮಾಡಿದ ಹುಂಜವಾದರೆ ಆದೀತು. ಅರಸ ಅದರ ಮೇಲೆ ಕತ್ತಿ ಬೀಸಿದ ಕೂಡಲೇ ಹಿಟ್ಟಿನ ಹುಂಜ ಕೂಗುತ್ತದೆ. ಅದರೊಳಗೆ ಬೆಂತರವೊಂದು ಹೊಕ್ಕಿತ್ತು ಎನ್ನುತ್ತದೆ ಕಥೆ. ಕೂಗು ಕೇಳಿದ ಅರಸನಿಗೆ ತಾನು ಕೊಂದೆ ಎಂದು ಗೊತ್ತಾಗುತ್ತದೆ. ಕೈ ಕೊಂದದ್ದು ಹಿಟ್ಟನ್ನು, ಮನಸ್ಸು ಕೊಂದದ್ದು ಹುಂಜವನ್ನು. ಜೈನರು ಇದನ್ನು ಸಂಕಲ್ಪ ಹಿಂಸೆ ಎನ್ನುತ್ತಾರೆ. ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ಅಮೃತಮತಿ ಇಕ್ಕಿದ ವಿಷಕ್ಕೆ ಸತ್ತು, ನವಿಲು ನಾಯಿಗಳಾಗಿ, ಮೀನು ಮೊಸಳೆಗಳಾಗಿ, ಆಡಾಗಿ, ಕೋಳಿಯಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ.

ಈ ಕಥೆ ಜನ್ನನ ಸ್ವಂತದ್ದಲ್ಲ. ಅವನಿಗಿಂತ ಮೊದಲೇ ಸಂಸ್ಕೃತದಲ್ಲಿ ಸೋಮದೇವಸೂರಿ, ವಾದಿರಾಜ ಬರೆದಿದ್ದರು. ಆದರೆ ಈ ಸೀಮೆಯಲ್ಲಿ ಅದರ ಹಿಂದಿನ ನಂಬಿಕೆಯ ಬೇರು ಆಳವಾಗಿದೆ. ಕಡೂರಿನ 971ರ ಜೈನ ಶಾಸನವೊಂದು ಪಾಂಬಬ್ಬೆ ಎಂಬ ರಾಜಮನೆತನದ ಹೆಣ್ಣು ತಲೆಗೂದಲು ಕಿತ್ತು ಮೂವತ್ತು ವರ್ಷ ತಪಸ್ಸು ಮಾಡಿ ದೇಹ ಬಿಟ್ಟದ್ದನ್ನು ನೆನೆಯುತ್ತದೆ. ಮನಸ್ಸಿನಲ್ಲಿ ಎದ್ದ ಕೊಲೆಗೂ ಲೆಕ್ಕ ಇಡುವ ಜನ ಇಲ್ಲಿ ಬದುಕಿದ್ದರು. ಆ ಲೆಕ್ಕ ಇಂದಿಗೂ ತೀರಿಲ್ಲ ಎಂದೇ ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕ ಬರೆದರು, ಮುಂದೆ ಅದನ್ನೇ ಇಂಗ್ಲಿಷಿನಲ್ಲಿ ‘ಬಲಿ’ಯಾಗಿ ಮತ್ತೆ ಬರೆದರು.

ಯಶೋಧರನನ್ನು ಅಹಿಂಸೆಯ ಪಾಠಕ್ಕೆ ಉದಾಹರಣೆಯಾಗಿ ಬಳಸುವುದು ರೂಢಿ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ಬೆಳಗಿನ ಸುಳ್ಳು. ತಾಯಿಯ ಎದುರು ಮಾನ ಉಳಿಸಿಕೊಳ್ಳಬೇಕು, ಹೆಂಡತಿಯ ಹೆಸರನ್ನೂ ಎತ್ತಬಾರದು. ಗಂಡಸಿನ ಈ ಮರ್ಯಾದೆ ಎಷ್ಟು ಸಭ್ಯವಾಗಿ ಕಾಣುತ್ತದೆ! ಆ ಸಭ್ಯತೆಯೇ ಹುಂಜದ ಕತ್ತನ್ನು ಹುಡುಕಿಕೊಂಡು ಹೋಯಿತು.

ದೇವನೂರಿನ ಕಾಗದ

ಲಕ್ಷ್ಮೀಶನನ್ನು ಸುರಪುರದವರೂ ತಮ್ಮವನೆನ್ನುತ್ತಾರೆ. ದೇವನೂರಿನವರು ತಮ್ಮೂರಿನ ಲಕ್ಷ್ಮೀರಮಣನ ಗುಡಿಯನ್ನು ತೋರಿಸುತ್ತಾರೆ. ಕಾವ್ಯದ ಉದ್ದಕ್ಕೂ ಕವಿ ನೆನೆಯುವುದು ಆ ದೇವರನ್ನೇ. ಕವಿಯ ಕಾಲದ ಬಗ್ಗೆ ವಿದ್ವಾಂಸರ ವಾದ ಮುಗಿದಿಲ್ಲ, ಹದಿನಾರನೆಯ ಶತಮಾನ ಎಂಬ ಅಭಿಪ್ರಾಯಕ್ಕೆ ಬೆಂಬಲ ಹೆಚ್ಚು. ವಾದ ಏನೇ ಇರಲಿ, ಹಳ್ಳಿಯ ಜಗುಲಿಗಳಲ್ಲಿ ರಾತ್ರಿ ದೀಪ ಹಚ್ಚಿ ಜೈಮಿನಿ ಓದಿಸಿ ಕೇಳಿದ ಜನಕ್ಕೆ ಅವನು ತಮ್ಮೂರಿನವನೇ. ಅಕ್ಷರ ಬಾರದವರ ಬಾಯಲ್ಲೂ ಅದರ ಪದ್ಯಗಳಿದ್ದ ಕಾಲವೊಂದಿತ್ತು.

ಆ ಕಾವ್ಯದಲ್ಲಿ ಜನ ಬಾಯಿಬಿಟ್ಟು ಕೇಳುತ್ತಿದ್ದುದು ಚಂದ್ರಹಾಸನ ಕಥೆ. ಕುಂತಳದ ಮಂತ್ರಿ ದುಷ್ಟಬುದ್ಧಿ ಚಂದ್ರಹಾಸನನ್ನು ಮುಗಿಸಲು ಅವನ ಕೈಯಲ್ಲೇ ಮಗ ಮದನನಿಗೆ ಕಾಗದ ಕಳಿಸುತ್ತಾನೆ: ಇವನಿಗೆ ವಿಷವ ಕೊಡು. ದಾರಿಯಲ್ಲಿ ಉಪವನದಲ್ಲಿ ಮಲಗಿದವನನ್ನು ಮಂತ್ರಿಯ ಮಗಳು ವಿಷಯೆ ಕಾಣುತ್ತಾಳೆ, ಕಾಗದ ಓದುತ್ತಾಳೆ, ಕಣ್ಣಿನ ಕಾಡಿಗೆಯಿಂದ ಅಕ್ಷರ ತಿದ್ದಿ ತನ್ನ ಹೆಸರನ್ನೇ ಇಡುತ್ತಾಳೆ. ವಿಷದ ಬದಲು ಮದುವೆ ನಡೆಯುತ್ತದೆ. ಇಂಗ್ಲೆಂಡಿಗೆ ಹೊರಟ ಹ್ಯಾಮ್ಲೆಟ್ ಕೂಡ ತನ್ನ ಸಾವಿನ ಆಜ್ಞೆ ಇದ್ದ ಹಡಗನ್ನೇ ಹತ್ತಿರುತ್ತಾನೆ. ಅವನು ಕಾಗದ ತಿದ್ದಿ ಜೊತೆಗೆ ಬಂದ ಇಬ್ಬರು ಗೆಳೆಯರನ್ನು ಸಾವಿಗೆ ನೂಕುತ್ತಾನೆ. ವಿಷಯೆಯ ತಿದ್ದುಪಡಿ ಒಂದು ಜೀವ ಉಳಿಸಿತು.

ದುಷ್ಟಬುದ್ಧಿಯ ಹೆಸರೇ ಅವನ ಗುಣ ಹೇಳಿಬಿಡುತ್ತದೆ, ಅವನಲ್ಲಿ ತಿಳಿಯಬೇಕಾದ್ದು ಹೆಚ್ಚಿಲ್ಲ. ನನ್ನ ಗಮನ ಮದನನ ಮೇಲೆ. ಸಜ್ಜನ, ತಂದೆಯ ಮಾತು ಮೀರದವನು. ಕಾಗದದಲ್ಲಿ ತಂಗಿಯನ್ನು ಕೊಡು ಎಂದಿತ್ತು, ಕೊಟ್ಟ. ಬಂದವನು ಯಾರು, ಇಷ್ಟು ಅವಸರವೇಕೆ ಎಂದು ತಂದೆಗೆ ಮರುಮಾತು ಕಳಿಸಲಿಲ್ಲ. ಹಾಗಾದರೆ ಕಾಡಿಗೆ ಬೀಳದ ಮೂಲ ಕಾಗದವೇ ಕೈಗೆ ಬಂದಿದ್ದರೆ? ಲಕ್ಷ್ಮೀಶ ಆ ಪ್ರಶ್ನೆ ಕೇಳುವುದಿಲ್ಲ, ಓದುವವರ ಮನಸ್ಸಿನಲ್ಲಿ ಅದು ಏಳದೆ ಇರುವುದೂ ಇಲ್ಲ. ಆಮೇಲೆ ದೇವಿಯ ಗುಡಿಯಲ್ಲಿ ಅಳಿಯನಿಗೆಂದು ತಂದೆ ಅಡಗಿಸಿಟ್ಟ ಕೊಲೆಗಾರರ ಕತ್ತಿಗೆ ಸಿಕ್ಕುವವನು ಇದೇ ಮದನ. ತಂದೆ ಮಗನೊಂದಿಗೆ ಬಾಯಿಬಿಟ್ಟು ಮಾತಾಡದೆ ಹೋದದ್ದಕ್ಕೆ ಮಗ ಸತ್ತ. ದೇವಿಯ ಕೃಪೆಯಿಂದ ಸತ್ತವರು ಎದ್ದು ಬರುತ್ತಾರೆ ಎಂಬುದು ಕಾವ್ಯದ ದೊಡ್ಡತನ. ಬದುಕಿನಲ್ಲಿ ಆ ಸವಲತ್ತು ಇಲ್ಲ.

ಇದಕ್ಕಿಂತ ಎದೆ ಕಲಕುವುದು ಅದೇ ಕಾವ್ಯದ ಸೀತಾಪರಿತ್ಯಾಗ. ಊರಿನ ಅಗಸನೊಬ್ಬನ ಮಾತು ಕಿವಿಗೆ ಬಿದ್ದ ರಾಮ ತುಂಬು ಬಸುರಿಯನ್ನು ಕಾಡಿಗೆ ಬಿಡಲು ತೀರ್ಮಾನಿಸುತ್ತಾನೆ. ಅದನ್ನು ಅವಳಿಗೆ ಹೇಳುವುದಿಲ್ಲ. ಋಷಿಗಳ ಆಶ್ರಮ ನೋಡುವ ಆಸೆ ಅವಳಿಗೆ ಮೊದಲೇ ಇತ್ತು, ಅದೇ ನೆಪವಾಯಿತು. ಸೀತೆ ಸಂತೋಷದಿಂದ ರಥ ಹತ್ತುತ್ತಾಳೆ. ಕಾಡಿನ ನಡುವೆ ಆ ಮಾತನ್ನು ಹೇಳಬೇಕಾದವನು ಲಕ್ಷ್ಮಣ, ತಾನು ಮಾಡದ ತಪ್ಪಿಗೆ ನಾಲಗೆ ಕೊಡಬೇಕಾದವನು. ಅವಳ ಗೋಳಿಗೆ ಕಾಡಿನ ಪ್ರಾಣಿ ಪಕ್ಷಿಗಳೂ ಮೇವು ಬಿಟ್ಟು ಮರುಗುವುದನ್ನು ಲಕ್ಷ್ಮೀಶ ಬರೆದಿರುವ ಬಗೆಗೆ, ಓದುವ ಗಮಕಿಯ ಗಂಟಲೇ ಕಟ್ಟುತ್ತದೆ. ರಾಮನ ಭಕ್ತನಾದ ಕವಿ ರಾಮನನ್ನು ಬೈಯುವುದಿಲ್ಲ. ಅವನು ಇಡೀ ಕಾಡನ್ನು ಸೀತೆಯ ಪಕ್ಕದಲ್ಲಿ ನಿಲ್ಲಿಸುತ್ತಾನೆ.

‘ಕೆರೆಗೆ ಹಾರ’ ಜನಪದ ಕಥನಗೀತೆಯನ್ನು ಇಲ್ಲಿ ನೆನೆಯದೆ ಇರಲಾರೆ. ಕೆರೆ ಕಟ್ಟಿಸಿದ ಗೌಡನಿಗೆ ನೀರು ಬರಲಿಲ್ಲ, ಸೊಸೆ ಭಾಗೀರಥಿಯನ್ನು ಬಲಿ ಕೊಡಬೇಕೆಂದು ಮನೆಮಂದಿ ಒಳಗೊಳಗೇ ಗೊತ್ತುಮಾಡಿಕೊಂಡರು. ಭಾಗೀರಥಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದಂಡಿನಲ್ಲಿದ್ದ ಗಂಡನಿಗೂ ಹೇಳಲಿಲ್ಲ. ಕೆರೆಗಳನ್ನೇ ನಂಬಿ ಬದುಕುವ ಕಡೂರಿನ ಬಯಲಿನವರಿಗೆ ಈ ಹಾಡಿನ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕೊಂದವನು ‘ನಾನು’

ಅಜ್ಜಂಪುರ ಸೀತಾರಾಂ ಹುಟ್ಟಿದ್ದು 1902ರಲ್ಲಿ, ತೀರಿಕೊಂಡದ್ದು 1963ರಲ್ಲಿ. ಮಾಸ್ತಿಯವರು ಕನ್ನಡದ ಸಣ್ಣಕಥೆಗೆ ಹಾಕಿಕೊಟ್ಟ ದಾರಿಯಲ್ಲಿ ನಡೆದವರಲ್ಲಿ ಅವರದು ಮುಂದಿನ ಸಾಲು. ಗಂಡ ಹೆಂಡಿರ ಸರಸ, ಹುಸಿಮುನಿಸು, ಮನೆಯೊಳಗಿನ ಸುಖ, ಇವು ಅವರ ಕಥೆಗಳ ಬಗ್ಗೆ ಮೊದಲು ಬರುವ ಮಾತು. ಅಂಥ ಮೃದು ಲೇಖನಿಯಿಂದಲೇ ‘ನಾನು ಕೊಂದ ಹುಡುಗಿ’ ಬಂತು. ಕನ್ನಡದ ಹತ್ತು ಕಥೆಗಳನ್ನು ಆರಿಸು ಎಂದು ಯಾರು ಕೇಳಿದರೂ ನನ್ನ ಪಟ್ಟಿಯಿಂದ ಇದನ್ನು ತೆಗೆಯುವುದು ಸಾಧ್ಯವಿಲ್ಲ.

ಕಥೆ ಹೇಳುವವನು ಚರಿತ್ರೆಯ ಕುರುಹುಗಳನ್ನು ಹುಡುಕಿಕೊಂಡು ಹಳ್ಳಿ ತಿರುಗುವ ವಿದ್ಯಾವಂತ. ಊರೊಂದರಲ್ಲಿ ದೊಡ್ಡ ಮನೆಯವರು ಅವನನ್ನು ಆದರದಿಂದ ಉಳಿಸಿಕೊಳ್ಳುತ್ತಾರೆ. ಮನೆಯ ಮಗಳು ಲವಲವಿಕೆಯ ಹುಡುಗಿ, ಓಡಾಡಿಕೊಂಡು ಉಪಚಾರ ಮಾಡುತ್ತಾಳೆ. ಒಂದು ರಾತ್ರಿ ಅವಳು ಅವನ ಕೋಣೆಗೆ ಬರುತ್ತಾಳೆ. ಅವನು ಬೆಚ್ಚುತ್ತಾನೆ. ಆಮೇಲೆ ತಿಳಿಯುತ್ತದೆ, ಅವಳು ಹರಕೆಯ ಹೆಸರಿನಲ್ಲಿ ದೇವರಿಗೆ ಬಿಟ್ಟ ಬಸವಿ. ಮನೆಗೆ ಬಂದ ಅತಿಥಿಯ ಸೇವೆ ಅವಳ ಪಾಲಿಗೆ ಧರ್ಮ. ಹೆತ್ತವರು ಹಾಗೆಂದೇ ಬೆಳೆಸಿದ್ದಾರೆ, ಅವಳಿಗೆ ಅದರಲ್ಲಿ ತಪ್ಪೆಂಬುದೇ ಗೊತ್ತಿಲ್ಲ. ಅವನು ಅವಳನ್ನು ಮುಟ್ಟುವುದಿಲ್ಲ. ಇದು ಪಾಪ, ಇದು ಧರ್ಮವಲ್ಲ, ನಿನಗೆ ಮೋಸವಾಗಿದೆ ಎಂದು ತಿಳಿಹೇಳುತ್ತಾನೆ. ಅವಳಿಗೆ ತಿಳಿಯುತ್ತದೆ. ಬೆಳಗಾಗುವಷ್ಟರಲ್ಲಿ ಅವಳು ಜೀವ ತೆಗೆದುಕೊಂಡಿರುತ್ತಾಳೆ.

ಈ ಕಥೆಯಲ್ಲಿ ಕೆಟ್ಟವನು ಯಾರು? ತಂದೆ ತಾಯಿ ದೇವರಿಗೆ ಹೆದರಿದವರು, ಮಗಳನ್ನು ಪ್ರೀತಿಸುವವರು. ಅತಿಥಿ ಶೀಲವಂತ, ಹೇಳಿದ್ದೆಲ್ಲ ನಿಜ. ಹುಡುಗಿ ನಿರ್ಮಲೆ. ಇಷ್ಟೂ ಜನ ಒಳ್ಳೆಯವರಿದ್ದ ಮನೆಯಲ್ಲಿ ಒಂದು ಕೊಲೆ ನಡೆದಿದೆ. ಕೊಂದದ್ದು ರೂಢಿ ಎಂದು ಹೇಳಿ ಆನಂದರು ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ ಶೀರ್ಷಿಕೆಯಲ್ಲೇ ‘ನಾನು’ ಎಂದರು. ಸುಧಾರಣೆಯ ಹುಮ್ಮಸ್ಸಿನಲ್ಲಿದ್ದ ನವೋದಯದ ಕಾಲದಲ್ಲಿ ಸುಧಾರಕನನ್ನೇ ಕಟಕಟೆಗೆ ಏರಿಸಲು ಎಂಥ ಎದೆಗಾರಿಕೆ ಬೇಕು ಎಂದು ಯೋಚಿಸಬೇಕು.

ಕಾನೂನು ತನ್ನ ಕೆಲಸವನ್ನು ಮಾಡುತ್ತ ಬಂದಿತ್ತು, ನಿಧಾನವಾಗಿ. ಮೈಸೂರು ಸಂಸ್ಥಾನ 1909ರಲ್ಲಿಯೇ ಮುಜರಾಯಿ ದೇವಸ್ಥಾನಗಳ ದೇವದಾಸಿ ಸೇವೆಗೆ ತಡೆ ಹಾಕಿತು. ಆದರೆ ಬಸವಿ ಪದ್ಧತಿಯ ಬೇರು ದೊಡ್ಡ ದೇವಸ್ಥಾನಗಳಿಗಿಂತ ಹಳ್ಳಿಯ ಮನೆಗಳಲ್ಲಿ, ಹರಕೆಗಳಲ್ಲಿ ಇತ್ತು. ಹೆಣ್ಣುಮಕ್ಕಳನ್ನು ಹೀಗೆ ದೇವರಿಗೆ ಬಿಡುವುದನ್ನೇ ಅಪರಾಧವೆಂದು ಸಾರಿದ ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. ಅದು ಬಿಟ್ಟವರನ್ನು, ಬಿಡಿಸಿದವರನ್ನು, ಆ ಶಾಸ್ತ್ರದಲ್ಲಿ ಪಾಲುಗೊಂಡವರನ್ನು ಹಿಡಿಯುತ್ತದೆ, ಹಿಡಿಯಲೇಬೇಕು. ನಡುರಾತ್ರಿ ಕೂತು ಸತ್ಯ ಹೇಳಿದ ಅತಿಥಿಯನ್ನು ಯಾವ ಕಾಯ್ದೆಯೂ ಹಿಡಿಯಲಾರದು. ಅವನನ್ನು ಹಿಡಿಯಲು ಕಥೆಯೇ ಬೇಕಾಯಿತು.

ಅವನ ತಪ್ಪು ಏನು ಎಂಬ ಬಗ್ಗೆ ನನಗೆ ಒಂದು ನಿಶ್ಚಿತ ಅಭಿಪ್ರಾಯವಿದೆ. ಸತ್ಯ ಹೇಳಿದ್ದು ತಪ್ಪಲ್ಲ. ಆ ಮನೆಯಲ್ಲಿ ಎಲ್ಲರಿಗಿಂತ ಕೈಲಾಗದವಳಿಗೆ ಹೇಳಿದ್ದು ತಪ್ಪು. ಹರಕೆ ಹೊತ್ತವಳು ಅವಳಲ್ಲ. ಬಸವಿ ಬಿಡಬೇಕೆಂದು ತೀರ್ಮಾನಿಸಿದವಳು ಅವಳಲ್ಲ. ಆ ರೂಢಿಯನ್ನು ನಾಳೆ ಬೆಳಿಗ್ಗೆ ನಿಲ್ಲಿಸುವ ಶಕ್ತಿಯೂ ಅವಳಿಗಿಲ್ಲ. ಆ ಮಾತಿನ ಭಾರ ಹೊರಬೇಕಾದವನು ಅದೇ ಸೂರಿನ ಕೆಳಗೆ ಮಲಗಿದ್ದ ತಂದೆ. ಆದರೆ ಉಂಡ ಮನೆಯ ಯಜಮಾನನಿಗೆ ಎದುರು ನಿಂತು ಹೇಳುವುದು ಮರ್ಯಾದೆಯಲ್ಲ. ಮಗಳಿಗೆ ಬುದ್ಧಿ ಹೇಳುವುದು ಸುಲಭ. ಯಶೋಧರನಿಗೆ ಅಡ್ಡ ಬಂದದ್ದೂ ಈ ಮರ್ಯಾದೆಯೇ, ರಥದ ಹಿಂದೆ ಉಳಿದ ರಾಮನಿಗೆ ಅಡ್ಡ ಬಂದದ್ದೂ ಇದೇ.

ಈಗಿನ ಮನೆಗಳು

ಈ ಸೀಮೆಯ ಇವತ್ತಿನ ಬದುಕನ್ನು ಬಲ್ಲವರಿಗೆ ಇದು ಹಳೆಯ ಪುರಾಣವಲ್ಲ. ತರೀಕೆರೆಯ ಕಡೆ ಅಡಿಕೆ, ಕಡೂರಿನ ಬಯಲಲ್ಲಿ ತೆಂಗು, ಅಜ್ಜಂಪುರದ ಹೊಲಗಳಲ್ಲಿ ಈರುಳ್ಳಿ. ಕೊಳವೆಬಾವಿ ಬತ್ತಿದಾಗ, ಈರುಳ್ಳಿ ಬೆಲೆ ನೆಲಕಚ್ಚಿದಾಗ ಗಂಡಸು ಸಾಲ ಮಾಡುತ್ತಾನೆ. ಹೆಂಡತಿಗೆ ಹೇಳುವುದಿಲ್ಲ, ಅವಳೇಕೆ ಕೊರಗಬೇಕು ಎಂದು. ಅವಳಿಗೆ ಗೊತ್ತಾಗುವುದು ಬ್ಯಾಂಕಿನವರು ಬಾಗಿಲಿಗೆ ಬಂದಾಗ, ಕೆಲವು ಮನೆಗಳಲ್ಲಿ ಅದಕ್ಕೂ ಆಮೇಲೆ. ಮಗಳ ಸಂಬಂಧವನ್ನು ಅಣ್ಣ, ಚಿಕ್ಕಪ್ಪ, ಸೋದರಮಾವ ಕೂತು ಮಾತಾಡಿ ಮುಗಿಸುತ್ತಾರೆ, ಮಗಳಿಗೆ ಕೊನೆಯಲ್ಲಿ ತಿಳಿಯುತ್ತದೆ. ಊರಲ್ಲಿ ಯಾರ ಮನೆಯೊಳಗೆ ಏನು ನಡೆಯುತ್ತಿದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ, ಹೋಟೆಲಿನ ಬೆಂಚಿನ ಮೇಲೆ ಅದರ ಚರ್ಚೆಯೂ ಆಗುತ್ತದೆ. ಆ ಮನೆಯವನಿಗೆ ಮಾತ್ರ ಯಾರೂ ಹೇಳುವುದಿಲ್ಲ. ನಮಗ್ಯಾಕೆ ಎನ್ನುತ್ತಾರೆ.

ಇವರು ಕೆಟ್ಟವರಲ್ಲ. ಹಬ್ಬಕ್ಕೆ ಕರೆದು ಊಟ ಹಾಕುವವರು, ಸಾವಿನ ಮನೆಗೆ ಮೊದಲು ಓಡಿ ಹೋಗುವವರು. ಅದಕ್ಕೇ ನಮ್ಮ ಮೂವರು ಬರಹಗಾರರು ಬೇಕಾಗುತ್ತಾರೆ. ಕೆಟ್ಟವನನ್ನು ಗುರುತು ಹಿಡಿಯಲು ಪೊಲೀಸರಿದ್ದಾರೆ, ಪಂಚಾಯ್ತಿ ಇದೆ. ಒಳ್ಳೆಯವನ ಕೈಯಲ್ಲಿ ಕತ್ತಿ ಬಂದ ಗಳಿಗೆಯನ್ನು, ಅವನಿಗೇ ಅರಿವಿಲ್ಲದಿದ್ದರೂ, ತೋರಿಸಲು ಜನ್ನನಂಥವನು ಬೇಕು.

ಕಾಲೇಜುಗಳಲ್ಲಿ ಆನಂದರ ಕಥೆಯನ್ನು ಪಾಠ ಮಾಡುವ ಮೇಷ್ಟ್ರು, ಮೇಡಂಗಳಲ್ಲಿ ನನ್ನದೊಂದು ಬೇಡಿಕೆ ಇದೆ. ಬಸವಿ ಪದ್ಧತಿ ಒಂದು ಸಾಮಾಜಿಕ ಅನಿಷ್ಟ ಎಂದು ಟಿಪ್ಪಣಿ ಬರೆಸಿ ‘ನಾನು ಕೊಂದ ಹುಡುಗಿ’ಯನ್ನು ಮುಗಿಸಬೇಡಿ. ಅನಿಷ್ಟ ಹೌದು, ಅದರಲ್ಲಿ ಎರಡು ಮಾತಿಲ್ಲ, ಪರೀಕ್ಷೆಗೆ ಅಷ್ಟು ಸಾಕು. ಆಮೇಲೆ ಪುಸ್ತಕ ಮುಚ್ಚಿಸಿ ಕೇಳಿ: ಆ ರಾತ್ರಿ ಅತಿಥಿ ಯಾರ ಬಾಗಿಲು ತಟ್ಟಬೇಕಿತ್ತು? ಒಬ್ಬಳು ತಂದೆಯದು ಎಂದಾಳು. ಒಬ್ಬ ಪೂಜಾರಿಯದು ಎಂದಾನು. ಇನ್ನೊಬ್ಬಳು ಎದ್ದು, ಯಾರದನ್ನೂ ತಟ್ಟುವುದು ಬೇಕಿರಲಿಲ್ಲ, ಅವಳ ಪಕ್ಕದಲ್ಲಿ ಬೆಳಗಿನವರೆಗೆ ಎಚ್ಚರವಿದ್ದು ಕೂತಿದ್ದರೆ ಸಾಕಿತ್ತು ಎಂದರೆ, ಅವಳಿಗೆ ಇನ್ನಷ್ಟು ಮಾತಾಡಲು ಬಿಡಿ.